ನೀರು ಹೊತ್ತ ಅವ್ವ: ಸಾಲುಮರದ ತಿಮ್ಮಕ್ಕನವರ ನೆನಪು



ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆಯವರಿಗೆ ಬಾಗೇಪಲ್ಲಿ–ಹಲಗೂರು ರಸ್ತೆಯ ಹೆಸರು ಹೊಸದೇನಲ್ಲ. ಅದರ ಒಂದು ತುದಿ ಆಂಧ್ರ ಗಡಿಯ ಬಾಗೇಪಲ್ಲಿ, ಇನ್ನೊಂದು ತುದಿ ನಮ್ಮ ಹಲಗೂರು. ನಡುವೆ ಮಾಗಡಿ ತಾಲ್ಲೂಕಿನಲ್ಲಿ ಕುದೂರು, ಹುಲಿಕಲ್ ಎಂಬ ಎರಡು ಊರುಗಳಿವೆ. ಮದ್ದೂರಿನವರು ಹುಲಿಯೂರುದುರ್ಗ, ಕುಣಿಗಲ್ ದಾರಿ ಹಿಡಿದರೂ ಆ ಸೀಮೆ ದೂರವಿಲ್ಲ. ಹುಲಿಕಲ್ಲಿಗೂ ಕುದೂರಿಗೂ ನಡುವೆ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ರಸ್ತೆಯ ಅಂಚಿನಲ್ಲಿ ಸಾಲಾಗಿ ಆಲದ ಮರಗಳು ನಿಂತಿವೆ. ಬೇಸಿಗೆಯ ನಡುಮಧ್ಯಾಹ್ನವೂ ಅಲ್ಲಿ ನೆರಳು.

ಆ ಮರಗಳನ್ನು ನೆಟ್ಟು, ನೀರೆರೆದು ಬೆಳೆಸಿದ ತಿಮ್ಮಕ್ಕಜ್ಜಿ 2025ರ ನವೆಂಬರ್ 14ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರಿಗೆ 114 ವರ್ಷ ಎಂದು ಲೆಕ್ಕ. ಅಂದು ಮಕ್ಕಳ ದಿನಾಚರಣೆ. ಹೊಟ್ಟೆಯಲ್ಲಿ ಹುಟ್ಟಿದ ಮಗು ಒಂದೂ ಇಲ್ಲದ ಆ ತಾಯಿಯನ್ನು ನಾಡು ಸರ್ಕಾರಿ ಗೌರವದೊಂದಿಗೆ ಕಳುಹಿಸಿಕೊಟ್ಟಿತು.

ಅವರಿಗೆ ಬಂದ ಪ್ರಶಸ್ತಿಗಳ ವಿಚಾರವನ್ನು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ, ಪೇಪರಿನಲ್ಲಿ ಓದಿದ್ದೀರಿ. ಇಲ್ಲಿ ಹೆಚ್ಚಾಗಿ ಮಾತಾಡಬೇಕೆನಿಸಿದ್ದು ಅವರು ಮಾಡಿದ ಕೆಲಸದ ಬಗ್ಗೆ. ಬೆಳಗಿನ ಜಾವ ಎದ್ದು ಕೊಟ್ಟಿಗೆಗೆ ಹೋಗುವ ನಿಮಗೆ ಅದು ಅರ್ಥವಾಗುವಂತೆ ಬೇರೆಯವರಿಗೆ ಆಗಲಾರದು.

ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ದಾಖಲೆಯ ಪ್ರಕಾರ 1911ರ ಜೂನ್ 30. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಿಂದಲೇ ದುಡಿಮೆ, ಕಲ್ಲು ಕ್ವಾರಿಯಲ್ಲೂ ಕೂಲಿ ಮಾಡಿದವರು. ಹುಲಿಕಲ್ಲಿನ ಚಿಕ್ಕಯ್ಯನವರನ್ನು ಮದುವೆಯಾಗಿ ಬಂದರು. ಊರಿನವರ ಬಾಯಲ್ಲಿ ಅವರು ಬಿಕ್ಕಲು ಚಿಕ್ಕಯ್ಯ. ಕೂಲಿನಾಲಿಯ ಸಂಸಾರ. ವರ್ಷಗಳು ಕಳೆದವು, ಮಕ್ಕಳಾಗಲಿಲ್ಲ.

ಈ ಒಂದು ಸಾಲನ್ನು ಬರೆದು ಸುಮ್ಮನೆ ಮುಂದಕ್ಕೆ ಹೋಗಿಬಿಡಬಹುದು. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಮಕ್ಕಳಾಗದ ಹೆಂಗಸಿಗೆ ಹಳ್ಳಿಯಲ್ಲಿ ಆ ಕಾಲದಲ್ಲಿ ಏನಾಗುತ್ತಿತ್ತು, ಈ ಕಾಲದಲ್ಲೂ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಸೀಮಂತಕ್ಕೆ ಕರೆಯುವುದಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಕರೆದರೂ ಹಿಂದೆ ನಿಲ್ಲಿಸುತ್ತಾರೆ. ಜಗಳದಲ್ಲಿ ಮೊದಲು ಬರುವ ಮಾತೇ ಅದು. ಅದೇ ಮಾತನ್ನು ಬಾಗಿಲಲ್ಲಿ, ಬಾವಿಕಟ್ಟೆಯಲ್ಲಿ, ನೆಂಟರ ಮನೆಯಲ್ಲಿ ಕೇಳುತ್ತಲೇ ಬದುಕಬೇಕು.

ಗೊಡ್ಡು ಎನ್ನುವ ಮಾತು

ಹಸು ಗಬ್ಬ ಕಟ್ಟದಿದ್ದರೆ ನಾವು ಏನು ಮಾಡುತ್ತೇವೆ, ಒಂದು ಗಳಿಗೆ ಯೋಚಿಸಿ. ಬೆದೆಗೆ ಬಂದಿತ್ತೇ, ಲೋಳೆ ಸುರಿಸಿತ್ತೇ, ಬೇರೆ ಹಸು ಮೇಲೆ ಹತ್ತಿದಾಗ ಸುಮ್ಮನೆ ನಿಂತಿತ್ತೇ ಎಂದು ನೋಡುತ್ತೇವೆ. 21 ದಿನ ಲೆಕ್ಕ ಹಾಕುತ್ತೇವೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆಗೆ ಕೃತಕ ಗರ್ಭಧಾರಣೆ ಮಾಡಿಸುತ್ತೇವೆ. ಮೂರು ಸಲ ಮಾಡಿಸಿದರೂ ನಿಲ್ಲದಿದ್ದರೆ ಪಶುವೈದ್ಯರನ್ನು ಕರೆಸುತ್ತೇವೆ. ಅವರು ಗರ್ಭಕೋಶ ನೋಡಿ, ಜಂತಿನ ಔಷಧಿ ಹಾಕಿಸಿ, ದಿನಾ ಖನಿಜ ಮಿಶ್ರಣ ಕೊಡಿ, ಮೇವು ಸರಿಮಾಡಿ ಎನ್ನುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಹಸು ಗಬ್ಬವಾಗುತ್ತದೆ. ತಪ್ಪು ಹಸುವಿನದ್ದಾಗಿರುವುದಿಲ್ಲ. ಮೇವಿನದು, ಇಲ್ಲವೇ ಬೆದೆ ಗುರುತಿಸದೆ ಹೋದ ನಮ್ಮದು.

ಹಸುವಿಗೆ ಇಷ್ಟು ವಿಚಾರ ಮಾಡುವ ಮನೆಯಲ್ಲೇ ಸೊಸೆಗೆ ಎರಡು ವರ್ಷ ಮಕ್ಕಳಾಗದಿದ್ದರೆ ಒಂದೇ ಮಾತಿನಲ್ಲಿ ತೀರ್ಪು ಮುಗಿಯುತ್ತದೆ. ಕಾರಣ ಗಂಡನಲ್ಲೂ ಇರಬಹುದು, ಡಾಕ್ಟರು ಇಬ್ಬರನ್ನೂ ಪರೀಕ್ಷಿಸಬೇಕು ಎಂಬುದು ಎಷ್ಟು ಮನೆಗಳಲ್ಲಿ ಬಾಯಿಗೆ ಬರುತ್ತದೆ? ಗಂಡುಮಕ್ಕಳು ಆಸ್ಪತ್ರೆಗೆ ಬರಲೇ ಒಪ್ಪುವುದಿಲ್ಲ ಎಂಬ ದೂರು ನಿಮ್ಮೂರಲ್ಲೂ ಇದ್ದೀತು. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂಥ ಹೆಣ್ಣುಮಗಳಿದ್ದರೆ, ಈ ಲೇಖನ ಓದುವಾಗ ಅವಳ ಮುಖ ಒಮ್ಮೆ ನೆನಪಾಗಲಿ.

ತಿಮ್ಮಕ್ಕನವರ ಕಾಲದಲ್ಲಿ ಪರೀಕ್ಷೆಯೂ ಇರಲಿಲ್ಲ, ಚಿಕಿತ್ಸೆಯೂ ಇರಲಿಲ್ಲ. ಆದರೆ ಅವರ ಅದೃಷ್ಟಕ್ಕೆ ಗಂಡ ಅವರ ಪಕ್ಕದಲ್ಲಿ ನಿಂತರು. ಮಕ್ಕಳಿಲ್ಲದ ಕೊರಗಿಗೆ ಗಂಡ ಹೆಂಡತಿ ಇಬ್ಬರೂ ಸೇರಿ ಕಂಡುಕೊಂಡ ದಾರಿ, ಗಿಡ ನೆಟ್ಟು ಮಕ್ಕಳಂತೆ ಸಾಕುವುದು.

ಮೊದಲ ವರ್ಷ ಹತ್ತು, ಆಮೇಲೆ ಹದಿನೈದು

ಅವರ ಊರ ಕಡೆ ಆಲದ ಮರಗಳು ಬೇಕಾದಷ್ಟಿದ್ದವು. ಅವುಗಳಿಂದಲೇ ಸಸಿ ಮಾಡಿಕೊಂಡರು. ಮೊದಲ ವರ್ಷ ಹತ್ತು ಸಸಿ. ಎರಡನೇ ವರ್ಷ ಹದಿನೈದು. ಮೂರನೇ ವರ್ಷ ಇಪ್ಪತ್ತು. ನೋಡಿ, ಎಷ್ಟು ಲೆಕ್ಕಾಚಾರದ ಕೆಲಸ. ಒಂದೇ ಸಲ ನೂರು ನೆಟ್ಟು ಫೋಟೋ ತೆಗೆಸಿಕೊಂಡು ಹೋಗಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ತಮ್ಮ ಇಬ್ಬರ ಕೈಗೆ, ತಮ್ಮ ಕೊಡಕ್ಕೆ ಎಷ್ಟು ಸಾಧ್ಯವೋ ಅಷ್ಟೇ ನೆಟ್ಟರು. ಒಂದು ಹಸು ಸಾಕಿ, ಅದರ ಕರು ಬೆಳೆಸಿ, ಎರಡು ಮಾಡಿ, ಆಮೇಲೆ ಮೂರು ಮಾಡಿಕೊಂಡ ನಿಮ್ಮಲ್ಲಿ ಅನೇಕರಿಗೆ ಈ ಲೆಕ್ಕ ಬಾಯಿಪಾಠ. ಸಾಲ ತಂದು ಒಂದೇ ಸಲ ಐದು ಹಸು ಕಟ್ಟಿ, ಆರು ತಿಂಗಳಿಗೆ ಕೊಟ್ಟಿಗೆ ಖಾಲಿ ಮಾಡಿಕೊಂಡವರೂ ನಮಗೆ ಗೊತ್ತು.

ಗಿಡ ನೆಡುತ್ತಿದ್ದುದು ಹೆಚ್ಚಾಗಿ ಮಳೆಗಾಲಕ್ಕೆ. ಮಳೆ ನಿಂತ ಮೇಲೆ ಕಷ್ಟ. ಆ ಭಾಗ ಕಾವೇರಿ ನಾಲೆಯ ಸೀಮೆಯಲ್ಲ. ಕೂಲಿ ಮುಗಿಸಿ ಬಂದು ಕೊಡಗಳಲ್ಲಿ ನೀರು ತುಂಬಿ, ನಾಲ್ಕು ಕಿಲೋಮೀಟರ್ ಉದ್ದಕ್ಕೂ ಹೊತ್ತು ಹೋಗಿ ಎರೆಯುತ್ತಿದ್ದರು. ನಾಲ್ಕು ಕೊಡ ನೀರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಒಂದು ಕೊಡ ಹತ್ತು ಹನ್ನೆರಡು ಲೀಟರ್ ಎಂದಿಟ್ಟುಕೊಂಡರೂ ಅದರ ಭಾರ ಎಷ್ಟಾಯಿತು, ಬೋರ್‌ವೆಲ್ ಕೆಟ್ಟ ದಿನ ಕೊಟ್ಟಿಗೆಗೆ ನೀರು ಹೊತ್ತವರನ್ನು ಕೇಳಿ.

ಇದಕ್ಕೆ ಕೂಲಿ ಇಲ್ಲ. ರಸ್ತೆ ಅವರದ್ದಲ್ಲ. ಮರ ದೊಡ್ಡದಾದರೆ ಅವರಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ. ಆಲ ಹಣ್ಣು ಬಿಟ್ಟರೆ ಅದು ಹಕ್ಕಿಗಳಿಗೆ. ಇಷ್ಟಾದರೂ ಮಾರನೇ ದಿನ ಮತ್ತೆ ಹೋದರು. ಗಿಡ ನೆಡುವ ದಿನ ಎಲ್ಲರಿಗೂ ಉತ್ಸಾಹ ಇರುತ್ತದೆ. ಜ್ವರ ಬಂದ ದಿನ, ಮಳೆ ಹಿಡಿದ ದಿನ, ನೆಂಟರ ಮನೆಯಲ್ಲಿ ಮದುವೆಯಿದ್ದ ದಿನ ಹೋಗುವವರು ಯಾರು? ಹಸು ಸಾಕಿದವರಿಗೆ ಆ ಪ್ರಶ್ನೆಯ ಭಾರ ಗೊತ್ತು. ಹಬ್ಬವೇ ಇರಲಿ, ಸೂತಕವೇ ಇರಲಿ, ಎರಡು ಹೊತ್ತು ಹಾಲು ಕರೆಯಲೇಬೇಕು. ತಾಯ್ತನ ಎಂದರೆ ಹೆರಿಗೆಯ ಒಂದು ದಿನವಲ್ಲ, ಆಮೇಲಿನ ಸಾವಿರ ದಿನ ಎಂಬುದನ್ನು ಹೆರದ ತಿಮ್ಮಕ್ಕ ಹೆತ್ತವರಿಗಿಂತ ಚೆನ್ನಾಗಿ ತೋರಿಸಿದರು ಎಂದರೆ ನೀವು ಬೇಸರಪಡಲಾರಿರಿ ಎಂದು ನಂಬಿದ್ದೇನೆ.

ಇನ್ನೊಂದು ಕೆಲಸ ಬೇಲಿಯದು. ರಸ್ತೆ ಬದಿಯ ಚಿಗುರನ್ನು ದನ, ಕುರಿ, ಮೇಕೆ ಬಿಡುತ್ತವೆಯೇ? ಪ್ರತಿ ಸಸಿಯ ಸುತ್ತ ಮುಳ್ಳು ತಂದು ಕಟ್ಟಿದರು. ಕಿತ್ತುಹೋದರೆ ಮತ್ತೆ ಕಟ್ಟಿದರು.

ಎಷ್ಟು ಮರ ಎಂಬುದಕ್ಕೆ ಎರಡು ಲೆಕ್ಕ ಸಿಗುತ್ತದೆ. 1999ರಲ್ಲಿ ಅವರ ಮೇಲೆ ಬಂದ ಸಾಕ್ಷ್ಯಚಿತ್ರದ ಹೆಸರು ‘ತಿಮ್ಮಕ್ಕ ಮತ್ತು 284 ಮಕ್ಕಳು’. ಈಗ ಎಲ್ಲರೂ ಹೇಳುವ ಸಂಖ್ಯೆ 385. ಯಾವುದೇ ಇರಲಿ, ಎಣಿಸಿದವರು ಬೇರೆಯವರು. ನೀರು ಹೊತ್ತವರು ಎಣಿಸುತ್ತಾ ಕೂತಿರಲಿಲ್ಲ.

ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ಜೊತೆಗೆ ಕೊಡ ಹೊರುತ್ತಿದ್ದ ಜೀವ ಹೋಯಿತು. ಆಗ ತಿಮ್ಮಕ್ಕನವರಿಗೆ ಎಂಬತ್ತರ ವಯಸ್ಸು. ಹೊರಗಿನ ಜಗತ್ತಿಗೆ ಅವರು ಗೊತ್ತಾಗಿದ್ದು ಇದಾದ ಮೇಲೆ. 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ ಬಂತು. 2010ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. 2016ರಲ್ಲಿ ಬಿಬಿಸಿ ಆರಿಸಿದ ಜಗತ್ತಿನ ನೂರು ಮಹಿಳೆಯರ ಪಟ್ಟಿಯಲ್ಲಿ ಹುಲಿಕಲ್ಲಿನ ಈ ಅಜ್ಜಿಯ ಹೆಸರಿತ್ತು. 2019ರ ಮಾರ್ಚಿನಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ರಾಮನಾಥ ಕೋವಿಂದ್ ಅವರಿಂದ ಪ್ರಶಸ್ತಿ ತೆಗೆದುಕೊಳ್ಳುವಾಗ, ಅಜ್ಜಿ ಕೈ ಎತ್ತಿ ರಾಷ್ಟ್ರಪತಿಗಳ ಹಣೆ ಮುಟ್ಟಿ ಆಶೀರ್ವಾದ ಮಾಡಿದ್ದು ನಿಮಗೆ ನೆನಪಿರಬೇಕು. ಆ ಸಭೆಯಲ್ಲಿ ಹೀಗೆ ನಡೆದುಕೊಳ್ಳಬೇಕು ಎಂಬ ಶಿಷ್ಟಾಚಾರ ಎಷ್ಟೋ ಇರುತ್ತದೆ. ಅಜ್ಜಿಗೆ ಎದುರಿಗಿದ್ದವರು ಮೊಮ್ಮಗನ ವಯಸ್ಸಿನವರಂತೆ ಕಂಡಿರಬೇಕು. ನಮ್ಮ ಮನೆಯ ಯಾವ ಅಜ್ಜಿಯಾದರೂ ಹಾಗೇ ಮಾಡುತ್ತಿದ್ದರು.

ಹಾಡಿ ಹೊಗಳಿದ ಮೇಲೆ ಇದನ್ನೂ ಹೇಳಬೇಕು. ರಾಷ್ಟ್ರಮಟ್ಟದ ಹೆಸರು ಬಂದ ಮೇಲೂ ಬಹಳ ವರ್ಷ ಅವರಿಗೆ ಸರ್ಕಾರದಿಂದ ಬರುತ್ತಿದ್ದುದು ತಿಂಗಳಿಗೆ 500 ರೂಪಾಯಿ ವೃದ್ಧಾಪ್ಯ ವೇತನ ಎಂದು ಪತ್ರಿಕೆಗಳು ಬರೆದಿದ್ದವು. ಶಾಲು ಹೊದಿಸಿದವರು ಬಹಳ, ಒಲೆ ಉರಿಯಿತೇ ಎಂದು ಕೇಳಿದವರು ಕಮ್ಮಿ. ಉಮೇಶ್ ಎಂಬ ಯುವಕ ದತ್ತುಮಗನಾಗಿ ಬಂದು ಅವರನ್ನು ನೋಡಿಕೊಂಡರು. ಗಂಡನ ನೆನಪಿಗೆ ಊರಲ್ಲಿ ಒಂದು ಆಸ್ಪತ್ರೆ ಆಗಬೇಕು ಎಂಬುದು ಅಜ್ಜಿಯ ಬಹುದಿನದ ಆಸೆ. ಅದಕ್ಕಾಗಿ ಟ್ರಸ್ಟ್ ಕೂಡ ಮಾಡಿದ್ದರು. ಮರ ಕೊಟ್ಟ ಹೆಂಗಸು ತನಗಾಗಿ ಕೇಳಿದ್ದು ಊರಿಗೆ ಆಸ್ಪತ್ರೆ.

2019ರಲ್ಲೇ ಇನ್ನೊಂದು ಪರೀಕ್ಷೆ ಬಂತು. ಪದ್ಮಶ್ರೀ ಬಂದು ಮೂರು ತಿಂಗಳೂ ಆಗಿರಲಿಲ್ಲ, ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸಕ್ಕೆ ಈ ಆಲದ ಮರಗಳು ಅಡ್ಡ ಎಂಬ ಮಾತು ಎದ್ದಿತು. ನಮ್ಮ ಹಲಗೂರಿಗೆ ಬರುವ ಅದೇ ರಸ್ತೆ. ನಮಗೂ ರಸ್ತೆ ಬೇಕು, ಹಾಲಿನ ವ್ಯಾನು ಹೊತ್ತಿಗೆ ಬರಬೇಕು, ನಿಜ. ಆದರೆ ಮಕ್ಕಳು ಕಣ್ಮುಂದೆ ಕೊಡಲಿಗೆ ಬೀಳುವುದನ್ನು ನೋಡುವ ತಾಯಿಯ ಸ್ಥಿತಿಯನ್ನು ಯೋಚಿಸಿ. ನೂರು ದಾಟಿದ ಅಜ್ಜಿ ಸುಮ್ಮನಿರಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿಯವರಿಗೆ ಮರ ಕಡಿಯಬೇಡಿ ಎಂದು ಮೊರೆಯಿಟ್ಟರು. ಬೇರೆ ದಾರಿ ನೋಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ಬಿರುದು ಬಿರುದಾಗಿ ಗೋಡೆಯ ಮೇಲಿರುತ್ತದೆ, ಮರ ಉಳಿಸಿಕೊಳ್ಳಲು ಮತ್ತೆ ಮೆಟ್ಟಿಲು ಹತ್ತಲೇಬೇಕಾಯಿತು.

ತಿಮ್ಮಕ್ಕನವರ ಜೊತೆಗೆ ನೆನೆಯಬೇಕಾದ ಇನ್ನೊಬ್ಬ ಅವ್ವ ತುಮಕೂರು ಜಿಲ್ಲೆಯವರೇ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ. ಅವರ ಕಥೆ ಇದಕ್ಕೆ ಪೂರಾ ತಿರುಗುಮುರುಗು. ಅವರು ಹೆತ್ತದ್ದು ಹನ್ನೆರಡು ಮಕ್ಕಳನ್ನು. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು, ಅದೂ ದುಡ್ಡು ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಒಬ್ಬರಿಗೆ ಮಕ್ಕಳೇ ಇಲ್ಲ, ಇನ್ನೊಬ್ಬರಿಗೆ ಮನೆ ತುಂಬ ಮಕ್ಕಳು. ಊರಿನವರು ಇಬ್ಬರನ್ನೂ ಕರೆದದ್ದು ಒಂದೇ ರೀತಿ.

ನಮ್ಮ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಲ್ಮನೆ ಕಾಮೇಗೌಡರನ್ನು ಬಿಟ್ಟರೂ ತಪ್ಪಾಗುತ್ತದೆ. ಕುರಿ ಕಾಯುತ್ತಿದ್ದ ಅವರು, ಗುಡ್ಡದ ಮೇಲೆ ಕುರಿ, ಹಕ್ಕಿಗಳಿಗೆ ಕುಡಿಯಲು ನೀರಿಲ್ಲದ್ದನ್ನು ಕಂಡು ಕಟ್ಟೆಗಳನ್ನು ತೋಡುತ್ತಾ ಹೋದರು. ಅದಕ್ಕಾಗಿ ಕುರಿ ಮಾರಿದರು. 2020ರಲ್ಲಿ ಪ್ರಧಾನಿಯವರು ರೇಡಿಯೋ ಭಾಷಣದಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆ ಗೊತ್ತಾದರು. 2022ರಲ್ಲಿ ತೀರಿಕೊಂಡರು. ನೆರಳು ಕೊಟ್ಟವರು ಆ ಕಡೆ, ನೀರು ಕೊಟ್ಟವರು ಈ ಕಡೆ.

ನಿಮ್ಮ ಮನೆಯ ಅಜ್ಜಿ

ಇವರೆಲ್ಲ ಪೇಪರಿಗೆ ಬಂದವರು. ನಿಮ್ಮ ಮನೆಯಲ್ಲೇ ಒಬ್ಬರಿದ್ದಾರಲ್ಲ, ಅವರ ವಿಷಯ ಏನು? ಡೈರಿ ಎಂಬುದು ಊರಿಗೆ ಬರುವ ಮೊದಲು ನಾಟಿ ಹಸು, ಎಮ್ಮೆ ಕಟ್ಟಿ, ಮಜ್ಜಿಗೆ ಕಡೆದು, ಬೆಣ್ಣೆ ಕಾಯಿಸಿ, ತುಪ್ಪವನ್ನು ಸಂತೆಗೆ ಕಳಿಸಿ ಮಕ್ಕಳ ಫೀಸು ಕಟ್ಟಿದ ಅತ್ತೆ, ಅವ್ವ. ಯಾವ ಕರುವಿಗೆ ಹೊಟ್ಟೆ ಉಬ್ಬರಿಸಿದರೆ ಏನು ಮಾಡಬೇಕು ಎಂದು ಬಾಯಿಮಾತಿನಲ್ಲಿ ಕಲಿಸಿದವರು. ಈಗ ಕಣ್ಣು ಮಂಜಾಗಿ ಜಗುಲಿಯಲ್ಲಿ ಕೂತಿರುತ್ತಾರೆ. ಕೊಟ್ಟಿಗೆಯಿಂದ ಹಸು ಕೂಗಿದರೆ ಯಾವ ಹಸು, ಏಕೆ ಕೂಗಿತು ಎಂದು ಅಲ್ಲಿಂದಲೇ ಹೇಳುತ್ತಾರೆ.

ಅವರ ದುಡಿಮೆ ಎಲ್ಲಿ ಬರೆದಿದೆ? ಪಾಸ್‌ಬುಕ್ಕಿನಲ್ಲಿ ಇಲ್ಲ. ಪಹಣಿಯಲ್ಲಿ ಇಲ್ಲ. ಸಂಘದ ಷೇರು ಮಾವನ ಹೆಸರಲ್ಲಿತ್ತು, ಈಗ ಗಂಡನ ಹೆಸರಲ್ಲಿದೆ. ತಿಮ್ಮಕ್ಕನವರದಾದರೂ ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತೆ ನಿಂತಿತ್ತು. ಕೊಟ್ಟಿಗೆಯಲ್ಲಿ ಬಾಚಿದ ಸಗಣಿ, ಹೊತ್ತ ಹುಲ್ಲು, ಕುಡಿಸಿದ ಕಲಗಚ್ಚು ಅದೇ ದಿನ ಸಂಜೆಗೆ ಕರಗಿ ಹಾಲಾಗಿ ಕ್ಯಾನಿಗೆ ಹೋಗುತ್ತದೆ. ಆಮೇಲೆ ಉಳಿಯುವುದು ಫ್ಯಾಟು, ಎಸ್‌ಎನ್‌ಎಫ್ ಬರೆದ ಒಂದು ಚೀಟಿ.

ಹಾಗಾಗಿ ಒಂದು ಕೆಲಸ ಮಾಡಿ. ಈ ಸಲ ಬಟವಾಡೆ ಬಂದಾಗ ಹಣ ಯಾರ ಖಾತೆಗೆ ಬೀಳುತ್ತಿದೆ ಎಂದು ನೋಡಿ. ಹಾಲು ಕರೆಯುವುದು ನೀವು, ಹಾಕುವುದು ನೀವು, ಸದಸ್ಯತ್ವ ಮಾತ್ರ ಇನ್ನೊಬ್ಬರದ್ದಾಗಿದ್ದರೆ ಕಾರ್ಯದರ್ಶಿಯವರನ್ನು ಕೇಳಿ ನಿಮ್ಮ ಹೆಸರಿನಲ್ಲಿ ಸದಸ್ಯತ್ವಕ್ಕೆ ಅರ್ಜಿ ಕೊಡಿ. ವಾರ್ಷಿಕ ಮಹಾಸಭೆಗೆ ನೀವೇ ಹೋಗಿ ಕೂತುಕೊಳ್ಳಿ. ಇದು ಮನೆಯಲ್ಲಿ ಜಗಳಕ್ಕೆ ಹೇಳುತ್ತಿರುವ ಮಾತಲ್ಲ. ಚಿಕ್ಕಯ್ಯನವರೂ ಕೊಡ ಹೊತ್ತರು, ಹಾಗಿದ್ದೂ ಹೆಸರು ತಿಮ್ಮಕ್ಕನವರದ್ದೇ ನಿಂತಿತು, ಅದರಿಂದ ಆ ಸಂಸಾರಕ್ಕೆ ಏನೂ ಕಡಿಮೆಯಾಗಲಿಲ್ಲ.

ಜಗುಲಿಯ ಅಜ್ಜಿಯ ಹತ್ತಿರ ಅರ್ಧ ಗಂಟೆ ಕೂತು ಕೇಳಿ. ಮೊದಲ ಹಸುವಿನ ಹೆಸರೇನು, ಎಲ್ಲಿಂದ ಬಂತು, ತವರಿನವರು ಕೊಟ್ಟದ್ದೇ, ಸಂತೆಯಲ್ಲಿ ಕೊಂಡದ್ದೇ? ಬರ ಬಂದ ವರ್ಷ ಮೇವು ಎಲ್ಲಿಂದ ತಂದರು? ಯಾವ ಹಸು ಮಾರುವಾಗ ಅತ್ತರು? ಓದುವ ಮೊಮ್ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್ ಕೊಟ್ಟು ಬರೆಸಿ, ಇಲ್ಲವೇ ಮೊಬೈಲಿನಲ್ಲಿ ಅವರ ದನಿಯನ್ನೇ ಹಿಡಿದಿಡಿ. ತಿಮ್ಮಕ್ಕನವರು ನೂರು ವರ್ಷ ದಾಟಿ ಬದುಕಿದ್ದರಿಂದ ಕೇಳಿ ಬರೆದುಕೊಳ್ಳಲು ನಾಡಿಗೆ ಸಮಯ ಸಿಕ್ಕಿತು. ಎಲ್ಲ ಅಜ್ಜಿಯರೂ ಅಷ್ಟು ದಿನ ಕಾಯುವುದಿಲ್ಲ.

ಅವರ ನೆನಪಿಗೆ ಒಂದು ಗಿಡ ನೆಡುವ ಮನಸ್ಸು ನಿಮಗೆ ಬಂದೇ ಬರುತ್ತದೆ. ಕೊಟ್ಟಿಗೆಯ ಲೆಕ್ಕದಲ್ಲೂ ಅದು ನಷ್ಟದ ಕೆಲಸವಲ್ಲ. ಸೀಮೆಹಸುಗಳಿಗೆ ಬಿಸಿಲು ತಡೆಯುವ ಶಕ್ತಿ ಕಮ್ಮಿ. ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೆಳಗೆ ಏದುಸಿರು ಬಿಡುತ್ತಾ ನಿಂತ ಹಸು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಬೆದೆಯೂ ಸರಿಯಾಗಿ ಕಾಣಿಸುವುದಿಲ್ಲ. ಒಂದು ಲೀಟರ್ ಹಾಲು ಕೊಡಲು ಹಸುವಿಗೆ ಮೂರ್ನಾಲ್ಕು ಲೀಟರ್ ನೀರು ಬೇಕು. ಬಿರುಬೇಸಿಗೆಯಲ್ಲಿ ಚೆನ್ನಾಗಿ ಕರೆಯುವ ಹಸು ದಿನಕ್ಕೆ 80 ಲೀಟರಿಗೂ ಹೆಚ್ಚು ಕುಡಿದೀತು. ನೆರಳು ಮತ್ತು ನೀರು ಎರಡೂ ಇದ್ದರೆ ಅದೇ ಹಿಂಡಿ, ಬೂಸಾಕ್ಕೆ ಹಾಲು ಹೆಚ್ಚು.

ಆಲವನ್ನು ಮನೆ, ಕೊಟ್ಟಿಗೆಗೆ ಅಂಟಿಸಿ ನೆಡಬೇಡಿ, ಅದರ ಬೇರು ಗೋಡೆ ಸೀಳುತ್ತದೆ. ಅದಕ್ಕೆ ಊರ ಗುಂಡುತೋಪು, ಕೆರೆ ಏರಿ, ಡೈರಿ ಮುಂದಿನ ಬಯಲು ಸರಿ. ಹೆಬ್ಬೆರಳಿಗಿಂತ ದಪ್ಪದ ಕೊಂಬೆಯನ್ನು ಮುಂಗಾರಿನ ಮೊದಲ ಹದ ಮಳೆಗೆ ನೆಟ್ಟರೆ ಸಾಮಾನ್ಯವಾಗಿ ಬೇರು ಬಿಡುತ್ತದೆ. ಕೊಟ್ಟಿಗೆ ಪಕ್ಕಕ್ಕೆ ಹೊಂಗೆ, ಬೇವು ಒಳ್ಳೆಯದು. ಬೇಲಿಸಾಲಿಗೆ ಅಗಸೆ, ನುಗ್ಗೆ ಹಾಕಿದರೆ ನೆರಳಿನ ಜೊತೆಗೆ ಹಸಿರು ಮೇವೂ ಆಯಿತು. ಎಷ್ಟು ಗಿಡಕ್ಕೆ ದಿನಾ ನೀರು ಹೊರಲು ಸಾಧ್ಯವೋ ಅಷ್ಟೇ ನೆಡಿ, ಒಂದಾದರೆ ಒಂದೇ. ಮುಳ್ಳಿನ ಬೇಲಿಯನ್ನು ಮಾತ್ರ ನೆಟ್ಟ ದಿನವೇ ಕಟ್ಟಿ. ನಾಳೆ ಕಟ್ಟೋಣ ಎಂದರೆ ಅಷ್ಟರಲ್ಲಿ ನಿಮ್ಮ ಹಸುವೇ ಬಂದು ಚಿಗುರು ಮೇದಿರುತ್ತದೆ.